ಶಾಂತವ್ವನ ಜೀವಕೋಶಗಳು

ನಿವೃತ್ತಳಾದ ಮೇಲೆ ಎರಡು ಸಲ ನಮ್ಮ ಲ್ಯಾಬಿನವರು ನನ್ನನ್ನು ಹೊಸ ವಿದ್ಯಾರ್ಥಿಗಳ ಮುಂದೆ ಮಾತನಾಡಲು ಕರೆದಿದ್ದರು. ಎರಡು ಸಲವೂ ಹೇಳಬೇಕೆಂದುಕೊಂಡದ್ದನ್ನು ಹೇಳದೆ, ಒಳ್ಳೊಳ್ಳೆಯ ಸ್ಲೈಡ್ ತೋರಿಸಿ, ಚಪ್ಪಾಳೆ ಹೊಡೆಸಿಕೊಂಡು ಮುಂಬಯಿಯ ಮುಲುಂಡಿನ ಮನೆಗೆ ವಾಪಸು ಬಂದೆ. ಅಲ್ಲಿ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ. ಲ್ಯಾಬಿಗೆ ಕಾಲಿಡುತ್ತಿರುವವರು ಓದಲಿ ಎಂಬ ಆಸೆ.

ನನ್ನ ಕೆಲಸ ಚರ್ಮದ ಕ್ಯಾನ್ಸರಿನದು. ಅದರಲ್ಲೂ ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕಾಯಿಲೆ ಇದು. ಬಿಳಿಯರಿಗೆ ಬಿಸಿಲಿನಿಂದ ಬರುವ ರೋಗವೆಂದು ಪುಸ್ತಕಗಳಲ್ಲಿ ಓದಿದ್ದೆ. ನಮ್ಮವರಿಗೆ ಬರುವುದು ಅಪರೂಪ. ಬಂದಾಗ ಹೆಚ್ಚಾಗಿ ಬಿಸಿಲೇ ಕಾಣದ ಅಂಗಾಲಿನಲ್ಲಿ ಬರುತ್ತದೆ. ಒಂದು ಕಪ್ಪು ಮಚ್ಚೆ. ನೋವಿಲ್ಲ, ತುರಿಕೆಯಿಲ್ಲ. ಅಂಗಾಲನ್ನು ಯಾರು ತಿರುಗಿಸಿ ನೋಡಿಕೊಳ್ಳುತ್ತಾರೆ? ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಅದು ಚರ್ಮದ ಮೇಲಿನ ಪದರದಲ್ಲಿ ಅಡ್ಡಡ್ಡ ಹರಡುತ್ತದೆ. ಆಗ ಕೊಯ್ದು ತೆಗೆದರೆ ಮುಗಿಯಿತು. ಒಂದು ದಿನ ಅದು ಕೆಳಕ್ಕೆ ತಿರುಗುತ್ತದೆ. ಆಮೇಲೆ ತೊಡೆಸಂದಿನ ಗ್ರಂಥಿ, ಅಲ್ಲಿಂದ ಶ್ವಾಸಕೋಶ, ಯಕೃತ್ತು. ಅಡ್ಡಕ್ಕೆ ಹೋಗುತ್ತಿದ್ದದ್ದು ಕೆಳಕ್ಕೆ ಯಾಕೆ ತಿರುಗುತ್ತದೆ? ಇದೊಂದು ಪ್ರಶ್ನೆಯ ಹಿಂದೆ ನನ್ನ ಇಡೀ ವೃತ್ತಿ ಕಳೆಯಿತು.

ನನ್ನನ್ನು ಈ ಪ್ರಶ್ನೆಗೆ ಹಚ್ಚಿದವರು ನಮ್ಮ ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ದೇಸಾಯಿ. ಧಾರವಾಡದವರು. ಮೀಟಿಂಗಿನಲ್ಲಿ ಇಂಗ್ಲಿಷ್, ಜವಾನರ ಹತ್ತಿರ ಮರಾಠಿ, ನನ್ನ ಹತ್ತಿರ ಮಾತ್ರ ಧಾರವಾಡದ ಕನ್ನಡ. ಮೈಕ್ರೋಸ್ಕೋಪಿನಡಿ ನಾನು ಏನಾದರೂ ಕಂಡೆ ಎಂದರೆ, ಊಟ ಬಿಟ್ಟು ಎದ್ದು ಬಂದು ನೋಡುವ ಮನುಷ್ಯ. ಮುಂದೆ ನಡೆದದ್ದನ್ನು ಓದುವಾಗ ಇದನ್ನು ಮರೆಯಬೇಡಿ.

ಲ್ಯಾಬಿಗೆ ಸೇರಿದ ಆಸ್ಪತ್ರೆಯ ಕಡೆಯಿಂದಲೂ ನನಗೆ ಆಗಾಗ ಕರೆ ಬರುತ್ತಿತ್ತು. ಕನ್ನಡ ಬಿಟ್ಟರೆ ಬೇರೆ ಬಾರದ ರೋಗಿ ಬಂದರೆ ಶಸ್ತ್ರವೈದ್ಯೆ ಡಾಕ್ಟರ್ ಸಾಠೆ ಫೋನ್ ಮಾಡುತ್ತಿದ್ದರು: "ಪ್ರಮೀಳಾ, ತುಝಾ ಗಾವ್‌ವಾಲಾ ಆಲಾ ಆಹೆ," ನಿನ್ನ ಊರಿನವನು ಬಂದಿದ್ದಾನೆ ಎಂದು. ಉಡುಪಿ ಕಡೆಯ ಅಪ್ಪ ಅಮ್ಮನಿಗೆ ಮುಂಬಯಿಯಲ್ಲೇ ಹುಟ್ಟಿದವಳು ನಾನು. ವಿಜಯಪುರದವರೂ ಬೈಂದೂರಿನವರೂ ಅವರ ಲೆಕ್ಕದಲ್ಲಿ ನನ್ನ ಊರಿನವರೇ.

ಹಾಗೆ ಬಂದವಳು ಶಾಂತವ್ವ. ವಿಜಯಪುರ ಜಿಲ್ಲೆಯವಳು, ನಲವತ್ತೈದರ ಆಸುಪಾಸು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಹಿಮ್ಮಡಿಯ ಕೆಳಗೆ ಕಪ್ಪು ಕಲೆ. ಡಾಂಬರು ಹತ್ತಿದೆ ಎಂದುಕೊಂಡು ಕಲ್ಲಿನಿಂದ ತಿಕ್ಕಿದ್ದಳು. ಆಮೇಲೆ ಮುಳ್ಳು ಮುರಿದಿದೆ ಎಂದು ಯಾರೋ ಬ್ಲೇಡಿನಿಂದ ಕೆತ್ತಿದ್ದರು. ನಮ್ಮಲ್ಲಿಗೆ ಬರುವಾಗ ತೊಡೆಸಂದಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು.

ಆಪರೇಶನ್ನಿನಲ್ಲಿ ತೆಗೆದದ್ದರಲ್ಲಿ ಸ್ವಲ್ಪ ನಮ್ಮ ಲ್ಯಾಬಿಗೆ ಬೇಕಿತ್ತು. ಅದಕ್ಕೆ ಅವಳ ಒಪ್ಪಿಗೆ ಪಡೆಯುವುದು ನನ್ನ ಕೆಲಸ. ಹೇಳಿದ್ದನ್ನೆಲ್ಲ ಕೇಳಿ ಅವಳು ಕೇಳಿದಳು, "ಈ ಹೊಲಸು ತಗೊಂಡು ನೀವೇನ್ ಮಾಡ್ತೀರಿ ಬಾಯಾರ?"

"ಬಾಟಲಿಯಲ್ಲಿ ಸಾಕುತ್ತೇವೆ. ಅದು ಹೇಗೆ ಬೆಳೆಯುತ್ತದೆ ಅಂತ ನೋಡುತ್ತೇವೆ."

"ಸಾಕತೀರಿ?" ಅವಳು ನಕ್ಕಳು. "ನನ್ನ ಕಾಲಾಗ ಇದ್ದು ನನ್ನ ತಿನ್ನಾಕತ್ತೈತಿ. ನಿಮ್ಮ ಬಾಟಲ್ಯಾಗರ ಏನಾರ ಛಲೋದಕ್ಕ ಬರ್ಲಿ, ತಗೋರಿ." ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು.

ಹನ್ನೊಂದು ತಿಂಗಳಿಗೆ ಶಾಂತವ್ವ ತೀರಿಕೊಂಡಳು. ಅವಳ ಕೋಶಗಳು ನಮ್ಮಲ್ಲಿ ಬದುಕಿದವು. ಅಂಗಾಲಿನವು ಒಂದು ಫ್ಲಾಸ್ಕಿನಲ್ಲಿ, ಗ್ರಂಥಿಯವು ಇನ್ನೊಂದರಲ್ಲಿ. ಒಬ್ಬಳೇ ಹೆಂಗಸಿನ ದೇಹದಲ್ಲಿ ರೋಗ ಹೊರಟ ಜಾಗ ಮತ್ತು ಅದು ಹೋಗಿ ಸೇರಿದ ಜಾಗ, ಎರಡೂ ನಮ್ಮ ಕೈಯಲ್ಲಿದ್ದವು. ಎರಡನ್ನೂ ಹೋಲಿಸಿದರೆ ನಡುವೆ ಏನು ಬದಲಾಯಿತೆಂದು ತಿಳಿಯಬಹುದು. ಅಂಗಾಲಿನ ಕೋಶಗಳನ್ನು ಬೆಳೆಸುವುದು ಮಹಾ ಕಷ್ಟ. ಶಾಂತವ್ವನ ಕೋಶಗಳು ಎರಡು ಪಟ್ಟಾಗಲು ಹತ್ತು ದಿನ ತೆಗೆದುಕೊಳ್ಳುತ್ತಿದ್ದವು. ನಾನು ರಜೆಯ ದಿನವೂ ಬಂದು ಅವುಗಳಿಗೆ ಹೊಸ ಪೋಷಕ ದ್ರವ ಹಾಕಿ ಹೋಗುತ್ತಿದ್ದೆ.

ಕೆಲವು ತಿಂಗಳ ಮೇಲೆ ಗ್ರಂಥಿಯ ಕೋಶಗಳು ಇದ್ದಕ್ಕಿದ್ದಂತೆ ಚುರುಕಾದವು. ಎರಡು ದಿನಕ್ಕೆ ಫ್ಲಾಸ್ಕ್ ತುಂಬುತ್ತಿತ್ತು. ನಾವು ಸಂಭ್ರಮಪಟ್ಟೆವು. ಕೆರಳಿದ ಕ್ಯಾನ್ಸರ್ ಹೀಗೇ ಇರಬೇಕೆಂದುಕೊಂಡೆವು. ಯಾಕೆ ಇದ್ದಕ್ಕಿದ್ದಂತೆ ಎಂದು ನಾನು ಕೇಳಿಕೊಳ್ಳಲಿಲ್ಲ. ಬೇಕಾದದ್ದು ಸಿಕ್ಕಿದಾಗ ಪ್ರಶ್ನೆ ಬಾಯಿಗೆ ಬರುವುದಿಲ್ಲ.

ಹೋಲಿಸಿದಾಗ ಒಂದು ಪ್ರೋಟೀನು ಅಂಗಾಲಿನ ಕೋಶಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿತ್ತು. ಗ್ರಂಥಿಯ ಕೋಶಗಳಲ್ಲಿ ತುಂಬಿ ತುಳುಕುತ್ತಿತ್ತು. ದೇಸಾಯಿ ಸರ್ ಅದನ್ನು ಗುರುತಿಸುವ ಒಂದು ಬಣ್ಣದ ಪರೀಕ್ಷೆ ಸಿದ್ಧ ಮಾಡಿಸಿದರು. ಗಡ್ಡೆಯ ತುಣುಕು ಕಂದು ಬಣ್ಣಕ್ಕೆ ತಿರುಗಿದರೆ ಅಪಾಯ, ತಿರುಗದಿದ್ದರೆ ಅದು ಇದ್ದಲ್ಲೇ ಇರುವ ಜಾತಿ. ನಾಲ್ಕು ವರ್ಷದ ಕೆಲಸ. ಪ್ರಬಂಧವನ್ನು ಒಂದು ದೊಡ್ಡ ಪತ್ರಿಕೆ ಒಪ್ಪಿಕೊಂಡಿತು.

ಅಚ್ಚಿಗೆ ಹೋಗುವ ಮೊದಲು ಪತ್ರಿಕೆಯವರು ಒಂದು ಕಾಗದ ಕೇಳಿದರು: ಕೋಶಗಳು ಯಾರವೆಂದು ಡಿಎನ್‌ಎ ಪರೀಕ್ಷೆ ಮಾಡಿಸಿದ ವರದಿ. ನಾವು ಕಲಿತ ಕಾಲದಲ್ಲಿ ಇದು ಇರಲಿಲ್ಲ. ಕೋಶಗಳ ಆಕಾರ ನೋಡಿ, ಫ್ಲಾಸ್ಕಿನ ಮೇಲಿನ ಚೀಟಿ ಓದಿ ನಂಬುತ್ತಿದ್ದೆವು. ಕಚೇರಿಯ ಹಾಜರಿಗೆ ಸಹಿ ಹಾಕುವಷ್ಟೇ ಹಗುರವಾಗಿ ನಾನು ಸ್ಯಾಂಪಲ್ ಕಳಿಸಿದೆ.

ಆ ಹೊತ್ತಿಗೆ ಸುಧಾಕರ ಬಂದಿದ್ದ. ಕುಂದಾಪುರದ ಕಡೆಯವನು, ಮೂವತ್ತೆಂಟು ವರ್ಷ, ಮುಲುಂಡಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ದಿನಕ್ಕೆ ಹತ್ತು ತಾಸು ನಿಲ್ಲುವವನು. ಅವನ ಅಂಗಾಲಿನ ಮಚ್ಚೆ ಕೆಳಕ್ಕೆ ಇಳಿಯಲು ಈಗಷ್ಟೇ ಶುರು ಮಾಡಿತ್ತು. ಇಂಥ ಕಡೆ, ರೋಗ ಹರಡಿದರೆ ಮೊದಲು ಹೋಗಿ ಸೇರುವ ತೊಡೆಸಂದಿನ ಗ್ರಂಥಿಯನ್ನು ತೆಗೆದು ಪರೀಕ್ಷಿಸಬೇಕೋ ಬೇಡವೋ ಎನ್ನುವುದು ವೈದ್ಯರ ವಿವೇಚನೆಗೆ ಬಿಟ್ಟದ್ದು. ತೆಗೆದರೆ ಕೆಲವರಿಗೆ ಕಾಲು ಬಾವು ಬರುತ್ತದೆ.

ಡಾಕ್ಟರ್ ಸಾಠೆ ಅವನ ತುಣುಕನ್ನು ನಮ್ಮ ಬಣ್ಣದ ಪರೀಕ್ಷೆಗೆ ಕಳಿಸಿದರು. ಕಂದು ಬರಲಿಲ್ಲ. "ಹಾಗಾದರೆ ಗ್ರಂಥಿ ಬಿಡೋಣ" ಎಂದರು. ಇದನ್ನು ಯಾರೂ ಫೈಲಿನಲ್ಲಿ ಬರೆಯಲಿಲ್ಲ. ಪರೀಕ್ಷೆಗೆ ಇನ್ನೂ ಅನುಮತಿಯೇ ಇರಲಿಲ್ಲ. ಬಾಯಿಮಾತಿನಲ್ಲಿ ಆದ ತೀರ್ಮಾನ.

ಸುಧಾಕರನಿಗೆ ಅದನ್ನು ಕನ್ನಡದಲ್ಲಿ ಹೇಳಿದವಳು ನಾನೇ. ಅವನ ಮುಖ ಅರಳಿತು. "ಹಾಂಗಾರೆ ಬೇಗ ನಿತ್ಕಂಬುಕೆ ಆತ್ತಾ ಅಕ್ಕ?"

"ಆಗುತ್ತದೆ" ಎಂದೆ. ಮಚ್ಚೆ ತೆಗೆಯುವ ಆಪರೇಶನ್ ಸೋಮವಾರಕ್ಕೆ ನಿಗದಿಯಾಯಿತು.

ಡಿಎನ್‌ಎ ವರದಿ ಅದರ ಹಿಂದಿನ ಶುಕ್ರವಾರ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಬಂತು. ಅಂಗಾಲಿನ ಕೋಶಗಳು, ಆಪರೇಶನ್ನಿನ ದಿನ ತೆಗೆದಿಟ್ಟಿದ್ದ ಶಾಂತವ್ವನ ರಕ್ತದೊಂದಿಗೆ ತಾಳೆಯಾಗಿದ್ದವು. ಗ್ರಂಥಿಯವು ಆಗಿರಲಿಲ್ಲ. ಆ ಸಾಲಿನ ಕೊನೆಯಲ್ಲಿ ಎರಡು ಅಕ್ಷರಗಳಿದ್ದವು: ಎಕ್ಸ್, ವೈ.

ವೈ ಇರುವುದು ಗಂಡಸರಲ್ಲಿ.

ಡಬ್ಬಿ ಮುಚ್ಚಿಟ್ಟೆ. ನಮ್ಮ ಲ್ಯಾಬಿನಲ್ಲಿ ಹೋಲಿಕೆಗೆಂದು ಇಟ್ಟುಕೊಂಡಿದ್ದ ಹಳೆಯ ಮೆಲನೋಮಾ ಕೋಶಗಳಿದ್ದವು. ಯಾವುದೋ ದೇಶದ ಯಾರೋ ಗಂಡಸಿನವು, ಹುಚ್ಚು ವೇಗದಲ್ಲಿ ಬೆಳೆಯುವವು. ವರದಿಯ ಅಂಕಿಗಳು ಅವುಗಳಿಗೆ ಅಕ್ಷರಶಃ ಹೊಂದಿದವು. ಒಂದೇ ಒಂದು ಹನಿಯಲ್ಲಿ ಅವು ಶಾಂತವ್ವನ ಫ್ಲಾಸ್ಕಿಗೆ ಬಿದ್ದಿದ್ದರೆ ಸಾಕು, ಕೆಲವು ವಾರಗಳಲ್ಲಿ ಅವಳ ನಿಧಾನದ ಕೋಶಗಳನ್ನು ಅಳಿಸಿಹಾಕಿ ಜಾಗ ಪೂರ್ತಿ ತಾವೇ ತುಂಬಿಕೊಳ್ಳುತ್ತವೆ. ನಾಲ್ಕು ವರ್ಷ ನಾವು ಒಬ್ಬ ಹೆಂಗಸನ್ನು ಒಬ್ಬ ಅಪರಿಚಿತ ಗಂಡಸಿನ ಜತೆ ಹೋಲಿಸಿ, ವ್ಯತ್ಯಾಸ ಕಂಡೆವೆಂದು ಕುಣಿದಿದ್ದೆವು.

ಹೇಗೆ ಬಿತ್ತು? ಹಳೆಯ ನೋಟ್‌ಬುಕ್ಕುಗಳನ್ನು ಕೆಳಗಿಳಿಸಿದೆ. ಕೋಶಗಳು ಚುರುಕಾದದ್ದಕ್ಕಿಂತ ಮೂರು ವಾರ ಹಿಂದಿನ ಒಂದು ಭಾನುವಾರ. ನನ್ನದೇ ಅಕ್ಷರ: "ಮೆಗಾಬ್ಲಾಕ್. ತಡ. ಎರಡಕ್ಕೂ ಒಂದೇ ಬಾಟಲಿ."

ನೆನಪಾಯಿತು. ಹಳಿ ರಿಪೇರಿಗೆಂದು ಸೆಂಟ್ರಲ್ ಲೈನಿನಲ್ಲಿ ಲೋಕಲ್‌ಗಳು ಅರ್ಧಕ್ಕರ್ಧ ಕಡಿಮೆಯಿದ್ದ ದಿನ. ಒಂದು ಗಾಡಿ ತಪ್ಪಿದರೆ ಮುಕ್ಕಾಲು ತಾಸು ಕಾಯಬೇಕು. ಪ್ರತಿ ಬಗೆಯ ಕೋಶಕ್ಕೂ ಬೇರೆ ಬಾಟಲಿಯ ದ್ರವ ಹಾಕಬೇಕೆನ್ನುವುದು ಮೊದಲ ವಾರದಲ್ಲೇ ಕಲಿಸುವ ನಿಯಮ. ಇನ್ನೊಂದು ಬಾಟಲಿ ಬೆಚ್ಚಗಾಗಲು ಇಪ್ಪತ್ತು ನಿಮಿಷ ಬೇಕು. ನಾನು ಕಾಯಲಿಲ್ಲ. ಹಳೆಯ ಕೋಶಗಳಿಗೆ ಹಾಕಿದ ಬಾಟಲಿಯಿಂದಲೇ ಶಾಂತವ್ವನ ಗ್ರಂಥಿಯ ಕೋಶಗಳಿಗೂ ಹಾಕಿ ಸ್ಟೇಷನ್ನಿಗೆ ಓಡಿದ್ದೆ. ಬೇರೆ ಯಾರನ್ನೂ ದೂರುವ ಹಾಗಿರಲಿಲ್ಲ. ಆ ಕ್ಷಣ ಅದೂ ಒಂದು ಬಗೆಯ ಆಸರೆಯಾಯಿತು, ನಂಬಿ.

ಸಂಜೆ ನಾಲ್ಕಕ್ಕೆ ದೇಸಾಯಿ ಸರ್ ಕೋಣೆಗೆ ಹೋಗಿ ವರದಿಯನ್ನೂ ನೋಟ್‌ಬುಕ್ಕನ್ನೂ ಅವರ ಮುಂದಿಟ್ಟೆ. ಅವರು ಎರಡನ್ನೂ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.

"ಇದನ್ನ ಯಾರಿಗೆ ತೋರಿಸೀ?"

"ನಿಮಗೇ ಮೊದಲು ಸರ್."

"ಮತ್ತೊಮ್ಮೆ ಕಳಸು. ಅವರೂ ತಪ್ಪತಾರ."

"ಕಳಿಸುತ್ತೇನೆ. ವರದಿ ಬರುವುದಕ್ಕೆ ಒಂದು ವಾರ ಬೇಕು. ಸುಧಾಕರನ ಆಪರೇಶನ್ ಸೋಮವಾರ."

ಅವರು ಕಿಟಕಿಯ ಕಡೆ ತಿರುಗಿದರು. "ಸಾಠೆ ಏನ್ ಸಣ್ಣ ಕೂಸೇನು? ನಮ್ಮ ಟೆಸ್ಟ್ ನೋಡಿ ಆಪರೇಶನ್ ಮಾಡು ಅಂತ ನಾವೆಲ್ಲಿ ಬರದು ಕೊಟ್ಟೀವಿ?"

ಅದು ನಿಜವೇ. ನಿಜವಾದ್ದರಿಂದಲೇ ನನಗೆ ಭಯವಾಯಿತು. ಎಲ್ಲಿಯೂ ಬರೆದಿಲ್ಲದ ಮಾತಿನಿಂದ ಒಬ್ಬನ ಗ್ರಂಥಿ ಒಳಗೇ ಉಳಿಯಲಿತ್ತು. ಅದರಲ್ಲಿ ರೋಗವಿದ್ದರೆ ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತಿತ್ತು.

"ಸರ್, ಅವನಿಗೆ ಬೇಡ ಅಂತ ಹೇಳಿದವಳು ನಾನು."

"ಪ್ರಮೀಳಾ," ಅವರ ದನಿ ಇಳಿಯಿತು, "ಇದು ಹೊರಗ ಹೋತು ಅಂದ್ರ ಪ್ರಬಂಧ ಹೋತು. ಪ್ರಾಜೆಕ್ಟ್ ಹೋತು. ಲ್ಯಾಬಿನ್ಯಾಗ ಆರು ಮಂದಿ ಇದ್ದಾರ. ಎರಡನೇ ವರದಿ ಬರೂತನಾ ಸುಮ್ಮನಿರು. ಇದು ನನ್ನ ಆರ್ಡರ್ ಅಂತ ತಿಳಕೋ."

ಹದಿನೆಂಟು ವರ್ಷದಲ್ಲಿ ಅವರು ಆ ಪದ ಬಳಸಿದ್ದು ಅದೇ ಮೊದಲು. ನಾನು ನೋಟ್‌ಬುಕ್ ಎತ್ತಿಕೊಂಡು ಹೊರಗೆ ಬಂದೆ.

ಶನಿವಾರ ಬೆಳಿಗ್ಗೆಯಿಂದ ಡಾಕ್ಟರ್ ಸಾಠೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವರು ಶನಿವಾರ ಸಂಜೆ ಅಂಧೇರಿಯ ಸ್ವಂತ ಕ್ಲಿನಿಕ್ಕಿನಲ್ಲಿ ಕೂರುತ್ತಾರೆಂದು ಗೊತ್ತಿತ್ತು. ಮುಲುಂಡಿನಿಂದ ಲೋಕಲ್‌ನಲ್ಲಿ ಘಾಟ್‌ಕೋಪರ್, ಅಲ್ಲಿಂದ ಮೆಟ್ರೋ. ಕೂರಲು ಜಾಗ ಸಿಕ್ಕಿತ್ತು, ಕೂರಲಾಗಲಿಲ್ಲ. ದಾರಿಯುದ್ದಕ್ಕೂ ನನ್ನ ಮನಸ್ಸು ಲಾಯರಿನಂತೆ ವಾದಿಸುತ್ತಿತ್ತು. ಗ್ರಂಥಿ ತೆಗೆಯದಿದ್ದರೂ ಅವನಿಗೆ ಏನೂ ಆಗದೇ ಇರಬಹುದು. ಎರಡನೇ ವರದಿ ಬೇರೆ ಬರಬಹುದು. ಸರ್ ಹೇಳಿದ್ದರಲ್ಲಿ ತಪ್ಪೇನಿದೆ? ಅಂಧೇರಿ ಬಂದಾಗ ಇಳಿದೆನೋ, ಜನ ಇಳಿಸಿದರೋ ತಿಳಿಯಲಿಲ್ಲ.

ಕ್ಲಿನಿಕ್ಕಿನಲ್ಲಿ ಹದಿನಾಲ್ಕು ಜನರ ಹಿಂದೆ ಕುಳಿತೆ. ನನ್ನ ಸರದಿ ಬಂದಾಗ ಸಾಠೆ ನಕ್ಕರು. "ಅರೇ, ಪೇಶಂಟ್ ಆಗಿ ಬಂದೆಯಾ?"

ಹೇಳಿದೆ. ಹಿಂದಿಯಲ್ಲಿ ಶುರು ಮಾಡಿ ಅದು ಯಾವ ಭಾಷೆಯಲ್ಲಿ ಮುಗಿಯಿತೋ. ಅವರ ನಗು ಮುಖದಲ್ಲೇ ಒಣಗಿತು.

"ಎಷ್ಟು ಜನಕ್ಕೆ ಹೀಗೆ ಮಾಡಿದ್ದೇವೆ?" ಅದು ಅವರ ಮೊದಲ ಪ್ರಶ್ನೆ. ನಾನು ಉತ್ತರಿಸುವ ಮೊದಲೇ ಡೈರಿ ತೆಗೆದು ಪುಟ ತಿರುವತೊಡಗಿದರು. ಕೊನೆಗೆ ಡೈರಿ ಮುಚ್ಚಿ ಉಸಿರು ಬಿಟ್ಟರು. "ಇವನೇ ಮೊದಲನೆಯವನು."

ಆಮೇಲೆ ಸಿಟ್ಟು ಬಂತು. ನನ್ನ ಮೇಲೆ, ದೇಸಾಯಿಯವರ ಮೇಲೆ, ಹೆಚ್ಚಾಗಿ ತಮ್ಮ ಮೇಲೆ. "ಲ್ಯಾಬಿನ ಒಂದು ಬಣ್ಣ ನೋಡಿ ನಾನು ನಿರ್ಧಾರ ಮಾಡಿದೆ. ಮೂವತ್ತು ವರ್ಷ ಚಾಕು ಹಿಡಿದವಳು!" ಎಂದು ಮೇಜು ಗುದ್ದಿದರು. ಬಾಗಿಲಾಚೆಗೆ ಕಾಯುತ್ತಿದ್ದವರ ಮಾತು ನಿಂತಿತು. "ಸೋಮವಾರ ಗ್ರಂಥಿ ತೆಗೆಯುತ್ತೇನೆ. ಅವನಿಗೆ ನೀನೇ ಹೇಳಬೇಕು."

ಸೋಮವಾರ ಏಳು ಗಂಟೆಗೆ ವಾರ್ಡಿಗೆ ಹೋದೆ. ಸುಧಾಕರ ಹಸಿರು ಗೌನಿನಲ್ಲಿ ಮಂಚದ ಅಂಚಿಗೆ ಕುಳಿತಿದ್ದ. ಕೇಳಿ ಮುಖ ಗಂಟಿಕ್ಕಿದ.

"ಆವತ್ತ್ ಬೇಡ ಅಂದ್ರಿ, ಇವತ್ತ್ ಬೇಕ್ ಅಂತ್ರಿ. ಎಂತ ಆಯ್ತ್?"

"ನಮ್ಮ ಪರೀಕ್ಷೆ ತಪ್ಪಾಗಿತ್ತು. ತಪ್ಪು ಮಾಡಿದವಳು ನಾನು."

ಅವನು ನನ್ನನ್ನೇ ನೋಡಿದ. ಪಕ್ಕದ ಮಂಚದವನೂ ನೋಡಿದ. "ಈಗ ಮಾಡುದಾರೂ ಸರಿ ಇತ್ತಾ? ಇದೂ ನಿಮ್ದೇ ಪರೀಕ್ಷೆಯಾ?"

"ಅಲ್ಲ. ಇದು ಎಲ್ಲ ಕಡೆಯೂ ವರ್ಷಗಳಿಂದ ಮಾಡುವುದು."

"ನಂಗೆ ಅಕ್ಷರ ಗೊತ್ತಿತ್ತ್, ಆದ್ರೆ ಇದ್ರಲ್ಲಿ ಎಂತ ಬರ್ದಿತ್ತ್ ಅಂತ ತಿಳಿತಿಲ್ಲೆ" ಎಂದು ಒಪ್ಪಿಗೆಯ ಕಾಗದವನ್ನು ನನ್ನ ಕೈಗಿತ್ತ. "ಪೂರ್ತಿ ಓದಿ ಹೇಳಿ. ಒಂದ್ ಸಾಲೂ ಬಿಡ್ಬೇಡಿ." ನಾಲ್ಕು ಪುಟ ಓದಿ ಹೇಳಿದೆ. ಕಾಲು ಬಾವು ಬರಬಹುದೆಂಬ ಸಾಲನ್ನು ಎರಡು ಸಲ ಓದಿಸಿದ. ಆಮೇಲೆ ಸಹಿ ಹಾಕಿದ.

ಗ್ರಂಥಿಯ ವರದಿಗೆ ಒಂಬತ್ತು ದಿನ ಕಾದೆವು. ಲ್ಯಾಬಿನಲ್ಲಿ ಯಾರೂ ನನ್ನ ಹತ್ತಿರ ಮಾತನಾಡುತ್ತಿರಲಿಲ್ಲ. ಆರ್ಡರ್ ಮೀರಿದವಳೆಂಬ ಸುದ್ದಿ ಸೋಮವಾರ ಮಧ್ಯಾಹ್ನಕ್ಕೇ ಹಬ್ಬಿತ್ತು. ಚಹಾದ ಹೊತ್ತಿಗೆ ನಾನು ಹೋದರೆ ಕುರ್ಚಿಗಳು ಖಾಲಿಯಾಗುತ್ತಿದ್ದವು. ಒಂದು ವಿಷಯ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಒಂಬತ್ತು ದಿನಗಳಲ್ಲಿ, ಎಲ್ಲೋ ಒಂದು ಮೂಲೆಯಲ್ಲಿ, ಅವನ ಗ್ರಂಥಿಯಲ್ಲಿ ರೋಗ ಸಿಗಲಿ ಎಂದು ನನ್ನ ಮನಸ್ಸು ಬಯಸಿತು. ಸಿಕ್ಕರೆ ನಾನು ಮಾಡಿದ್ದು ಸರಿಯೆಂದಾಗುತ್ತಿತ್ತು. ಒಬ್ಬ ಮನುಷ್ಯನಿಗೆ ಕೇಡು ಬಯಸುವ ಮಟ್ಟಕ್ಕೆ ಇಳಿದಿದ್ದೇನೆಂದು ಅರಿವಾದಾಗ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಎರಡು ಗಾಡಿ ಬಿಟ್ಟೆ.

ವರದಿ ಬಂತು. ಗ್ರಂಥಿ ಶುದ್ಧವಾಗಿತ್ತು.

ಅದೇ ದಿನ ಎರಡನೇ ಡಿಎನ್‌ಎ ವರದಿಯೂ ಬಂತು. ಅದರಲ್ಲಿ ಏನೂ ಬದಲಾಗಿರಲಿಲ್ಲ. ದೇಸಾಯಿ ಸರ್ ನನ್ನನ್ನು ಕರೆಸಿದರು. "ಆ ಹುಡುಗಗ ಏನೂ ಇರಲಿಲ್ಲ. ಸುಮ್ಮನ ಒಂದು ಗಾಯ ಮಾಡಿಸಿದಿ" ಎಂದರು. ಪ್ರಬಂಧ ಹಿಂದಕ್ಕೆ ಪಡೆಯುವ ಪತ್ರವನ್ನು ನಾನು ಬರೆದುಕೊಂಡು ಹೋಗಿದ್ದೆ. ಅದು ಆರು ದಿನ ಅವರ ಮೇಜಿನ ಮೇಲೆ ಬಿದ್ದಿತ್ತು. ಏಳನೆಯ ದಿನ ಸಹಿಯಾಗಿ ನನ್ನ ಮೇಜಿಗೆ ಬಂತು. ನಾನು ಬರೆದಿದ್ದ "ನನ್ನ ತಪ್ಪಿನಿಂದ" ಎಂಬುದನ್ನು ಹೊಡೆದು, "ನಮ್ಮ ಲ್ಯಾಬಿನ ತಪ್ಪಿನಿಂದ" ಎಂದು ಕೈಯಲ್ಲೇ ತಿದ್ದಿದ್ದರು.

ಪ್ರಾಜೆಕ್ಟ್ ನಿಂತಿತು. ಆರು ಜನರಲ್ಲಿ ಮೂವರು ಬೇರೆ ಕಡೆ ಹೋದರು. ಸುಧಾಕರನ ಕಾಲಿಗೆ ಬಾವು ಬಂದೇ ಬಂತು. ತೊಡೆಯವರೆಗೆ ಬಿಗಿ ಕಾಲುಚೀಲ ಹಾಕಿಕೊಂಡು, ನಾಲ್ಕು ತಿಂಗಳ ಮೇಲೆ ಕಾವಲಿಗೆ ಮರಳಿದ. ತಪಾಸಣೆಗೆ ಬಂದಾಗಲೆಲ್ಲ ನಾನು ಹೋಗಿ ನಿಲ್ಲುತ್ತಿದ್ದೆ. ಮೊದಲ ವರ್ಷ ಅವನು ಸಾಠೆಯವರಿಗೆ ಉತ್ತರ ಕೊಟ್ಟ, ನನಗಲ್ಲ. ಎರಡನೇ ವರ್ಷ ಒಂದು ಸಲ ಕಾಲುಚೀಲ ಜಾರಿಸಿ ತೋರಿಸುತ್ತ ಕೇಳಿದ: "ನೀವ್ ಹೇಳ್ದೇ ಇದ್ದಿರೆ ಇದ್ ಇರ್ತಿರ್ಲಿಲ್ಲೆ ಅಲ್ದಾ?"

"ಇರುತ್ತಿರಲಿಲ್ಲ."

"ಮತ್ತೆ ಒಳಗೆ ಅದ್ ಇದ್ದಿದ್ರೆ?"

"ನಮಗೆ ತಡವಾಗಿ ಗೊತ್ತಾಗುತ್ತಿತ್ತು."

ಚೀಲ ಮೇಲೆಳೆದುಕೊಂಡ. "ನಿಮ್ಗೆ ನಿದ್ರಿ ಬತ್ತಾ?" ಎಂದ. ಅಣಕವಲ್ಲ, ನಿಜವಾಗಿ ಕೇಳಿದ್ದು. ಈಗ ಬರುತ್ತದೆ ಎಂದೆ.

ಶಾಂತವ್ವನ ಕೆಲಸ ಮಾತ್ರ ನನ್ನನ್ನು ಬಿಡಲಿಲ್ಲ. ದ್ರವ ಸಾರಜನಕದ ಡಬ್ಬದಲ್ಲಿ, ಆ ಭಾನುವಾರಕ್ಕಿಂತ ಮೊದಲು ಹೆಪ್ಪುಗಟ್ಟಿಸಿಟ್ಟ ಗ್ರಂಥಿಯ ಕೋಶಗಳ ಒಂದೇ ಒಂದು ಸೀಸೆ ಉಳಿದಿತ್ತು. ಎಬ್ಬಿಸಲು ಒಂದೇ ಅವಕಾಶ. ಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷದಲ್ಲಿ ಕರಗಬೇಕು, ಕರಗಿದ ಕ್ಷಣ ಹೊಸ ದ್ರವಕ್ಕೆ ಹೋಗಬೇಕು. ತಡವಾದರೆ ಕೋಶಗಳು ಸಾಯುತ್ತವೆ. ಎರಡು ವಾರ ಬೇರೆ ಸೀಸೆಗಳ ಮೇಲೆ ಅಭ್ಯಾಸ ಮಾಡಿದೆ. ಬಾಟಲಿ ಬೇರೆ, ಪಿಪೆಟ್ ಬೇರೆ, ಲ್ಯಾಬಿನಲ್ಲಿ ಮತ್ತಾರೂ ಇರದ ಹೊತ್ತು ನೋಡಿಕೊಂಡು ಅದನ್ನು ಕರಗಿಸಿದೆ.

ಮೊದಲ ದಿನ ಕೋಶಗಳು ತೇಲುತ್ತಿದ್ದವು. ತೇಲುವುದೆಂದರೆ ಸತ್ತಿರಬಹುದು. ಎರಡನೇ ದಿನವೂ ತೇಲಿದವು. ಮೂರನೇ ದಿನ ನೋಡಲು ಧೈರ್ಯವಾಗಲಿಲ್ಲ. ಐದನೇ ದಿನ ಮೈಕ್ರೋಸ್ಕೋಪಿನಡಿ ಇಟ್ಟಾಗ ಫ್ಲಾಸ್ಕಿನ ತಳಕ್ಕೆ ಅಲ್ಲೊಂದು ಇಲ್ಲೊಂದು ಕೋಶ ಕಾಲು ಚಾಚಿ ಅಂಟಿಕೊಂಡಿತ್ತು. ಹಿಂದೆ ಯಾರೋ ನಿಂತಂತಾಯಿತು. ದೇಸಾಯಿ ಸರ್. ನನ್ನನ್ನು ಪಕ್ಕಕ್ಕೆ ಸರಿಸಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. "ಡಿಎನ್‌ಎ ಕಳಸು" ಎಂದಷ್ಟೇ ಹೇಳಿ ಹೋದರು. ಎಕ್ಸ್, ಎಕ್ಸ್ ಎಂದು ವರದಿ ಬಂತು. ಶಾಂತವ್ವನವೇ.

ಆ ಕೋಶಗಳು ಹೇಳಿದ್ದು ನಮಗೆ ಬೇಕಾದದ್ದಲ್ಲ. ನಾವು ಹಾಡಿ ಹೊಗಳಿದ್ದ ಪ್ರೋಟೀನು ಅಂಗಾಲಿನಲ್ಲೂ ಗ್ರಂಥಿಯಲ್ಲೂ ಒಂದೇ ಸಮನಾಗಿತ್ತು. ಬಣ್ಣದ ಪರೀಕ್ಷೆಗೆ ಅರ್ಥವೇ ಇರಲಿಲ್ಲ. ಅದರಿಂದಾಗಿ ನಾವು ಕೋಶಗಳನ್ನು ಬಿಟ್ಟು, ಅವುಗಳನ್ನು ಸುತ್ತುವರಿದ ಚರ್ಮವನ್ನು ನೋಡತೊಡಗಿದೆವು. ಅಲ್ಲಿ ಒಂದು ಸಣ್ಣ ಸುಳಿವು ಸಿಕ್ಕಿತು. ಅದು ಸಣ್ಣದೇ. ಕೆಳಕ್ಕೆ ಯಾಕೆ ತಿರುಗುತ್ತದೆ ಎನ್ನುವುದಕ್ಕೆ ಪೂರ್ತಿ ಉತ್ತರ ನನ್ನ ಕಾಲದಲ್ಲಿ ಸಿಗಲಿಲ್ಲ. ನಿಮಗೆ ಬಿಟ್ಟಿದ್ದೇನೆ.

ಆ ಸಣ್ಣ ಪ್ರಬಂಧ ಅಚ್ಚಾಗುವ ಹೊತ್ತಿಗೆ ದೇಸಾಯಿ ಸರ್ ನಿವೃತ್ತರಾಗಿ ಸಯನ್‌ನ ಫ್ಲ್ಯಾಟಿನಲ್ಲಿದ್ದರು. ಅದರ ಒಂದು ಪ್ರತಿಯನ್ನು ತೆಗೆದುಕೊಂಡು ಹೋದೆ. ಅವರ ಕಣ್ಣು ಮಂಜಾಗಿತ್ತು. ಭೂತಗನ್ನಡಿ ಹಿಡಿದು ಅರ್ಧ ತಾಸು ಓದಿದರು. ಅವರ ಹೆಂಡತಿ ತಂದಿಟ್ಟ ಚಹಾ ಆರಿತು.

"ಛಲೋ ಬರದೀ" ಎಂದರು. ಆಮೇಲೆ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡರು. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಬಾರಿಸುತ್ತಲೇ ಇತ್ತು.

"ನೀ ಅವತ್ತ ಅಂಧೇರಿಗೆ ಹೋದಿಯಲ್ಲ, ಪ್ರಮೀಳಾ. ನೀ ಹೋಗಿರಲಿಲ್ಲ ಅಂದ್ರ ಸೋಮವಾರ ಮುಂಜಾನೆ ನಾನ ಸಾಠೆಗೆ ಫೋನ್ ಮಾಡತಿದ್ದೆ ಅಂತ ಇಷ್ಟು ವರ್ಷ ನನಗ ನಾನ ಹೇಳಕೋತ ಬಂದೇನಿ." ಭೂತಗನ್ನಡಿಯನ್ನು ಮಡಿಚಿ ಚೀಲಕ್ಕೆ ಹಾಕಿದರು. "ಮಾಡತಿದ್ನೋ ಇಲ್ಲೋ, ನನಗ ಗೊತ್ತಿಲ್ಲ."

"ಮಾಡುತ್ತಿದ್ದಿರಿ ಸರ್" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಗೊತ್ತಿಲ್ಲದ್ದಕ್ಕ ಹೌದು ಅನಬ್ಯಾಡವಾ."